ಎರಡು ದೋಷ, ಒಂದು ಮೂಲ
(ಬಾನುಲಿ ಭಾಷಣ)

ಮೂವತ್ತು ವರ್ಷ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು ಹಳೆಯದೊಂದು ಪಿಕಪ್ ಗಾಡಿಯ ವಿಷಯವಾಗಿ ಮಾತನಾಡಹೊರಟಿರುವುದು ಶ್ರೋತೃಗಳಿಗೆ ವಿಚಿತ್ರವೆನಿಸಬಹುದು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಗ್ರಂಥಸಂಪಾದನೆಯಲ್ಲಿ ನಾವು ಪಾಲಿಸುವ ನಿಯಮವೊಂದು ಮೋಟಾರು ದುರಸ್ತಿಯಲ್ಲಿಯೂ ಸಲ್ಲುವುದನ್ನು ನಾನು ಕಣ್ಣಾರೆ ಕಂಡೆ.

ನಿವೃತ್ತನಾದ ವರ್ಷದ ಚಳಿಗಾಲವನ್ನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮಗಳ ಮನೆಯಲ್ಲಿ ಕಳೆದೆ. ಆಸ್ಪತ್ರೆಯೊಂದರಲ್ಲಿ ಅವಳಿಗೆ ರಾತ್ರಿಪಾಳಿಯ ಕೆಲಸ. ಹಿಮ ಬಿದ್ದ ರಸ್ತೆಯಲ್ಲಿ ಹೋಗಿಬರಲು ಇದ್ದುದು ೧೯೯೪ರಲ್ಲಿ ತಯಾರಾದ ಪೆಟ್ರೋಲ್ ಪಿಕಪ್. ಅದಕ್ಕೆ ಎರಡು ರೋಗ. ಗಾಡಿ ನಿಂತಾಗ ದೀಪಗಳು ಮಂಕಾಗುತ್ತಿದ್ದವು. ಕಾವು ತೋರಿಸುವ ಮುಳ್ಳು, ಬಿಸಿಗಾಳಿಯ ಫ್ಯಾನು ಹಾಕಿದೊಡನೆ ಅಲುಗುತ್ತಿತ್ತು. ಇದು ವಿದ್ಯುತ್ತಿನ ರೋಗ. ಇನ್ನೊಂದು ಐಡಲಿಂಗಿನದು. ಆಕ್ಸಲರೇಟರನ್ನು ಮುಟ್ಟದೆ ಬಿಟ್ಟಾಗ ಎಂಜಿನು ನಿಮಿಷಕ್ಕೆ ಏಳುನೂರೋ ಎಂಟುನೂರೋ ಸುತ್ತು ಸಮನಾಗಿ ತಿರುಗುತ್ತಿರಬೇಕಷ್ಟೆ? ಇದು ಏರುತ್ತ ಇಳಿಯುತ್ತ, ಕೆಲವೊಮ್ಮೆ ನಿಂತೇಬಿಡುತ್ತಿತ್ತು. “ಅಪ್ಪಾ, ನಡುರಾತ್ರಿ ಸಿಗ್ನಲಿನಲ್ಲಿ ಇದು ಕೈಕೊಟ್ಟರೆ ಆ ಚಳಿಯಲ್ಲಿ ನಾನೇನು ಮಾಡಲಿ?” ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಗ್ಯಾರೇಜಿನವರು ಬ್ಯಾಟರಿ, ಆಲ್ಟರ್ನೇಟರ್, ಐಡಲಿಂಗನ್ನು ನಿಯಂತ್ರಿಸುವ ಗಾಳಿಯ ಕವಾಟ ಮೂರನ್ನೂ ಬದಲಿಸಬೇಕೆಂದರು. ಎರಡು ರೋಗಕ್ಕೆ ಮೂರು ಮದ್ದು! ಆಗ ನನಗೆ ತಾಳೆಯೋಲೆಗಳು ನೆನಪಾದವು. ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣವಾದ ತಪ್ಪು ಕಂಡರೆ, ಇಬ್ಬರು ಲಿಪಿಕಾರರೂ ಬೇರೆಬೇರೆಯಾಗಿ ತಪ್ಪಿದರೆಂದು ಸಂಪಾದಕನು ಹೇಳುವುದಿಲ್ಲ. ಇಬ್ಬರ ಮುಂದೂ ಇದ್ದ ಮೂಲಪ್ರತಿಯಲ್ಲಿಯೇ ಆ ತಪ್ಪಿತ್ತೇ ಎಂದು ಹುಡುಕುತ್ತಾನೆ. ಇಲ್ಲಿಯೂ ಎರಡು ದೋಷಗಳು ಜೊತೆಜೊತೆಯಾಗಿ ಬಂದಿದ್ದವು.

ಮೋಟಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ನೆರೆಮನೆಯ ವೃದ್ಧರೊಬ್ಬರು ಒಂದು ಮೀಟರು ಹಿಡಿದು ಬಂದರು. ಆ ದೇಶದಲ್ಲಿ ೧೯೯೬ರಿಂದ ಕಾರು ಮತ್ತು ಸಣ್ಣ ಲಾರಿಗಳಿಗೆ, ದೋಷವನ್ನು ತಾವೇ ತಿಳಿಸುವ ಏಕರೂಪದ ವ್ಯವಸ್ಥೆ ಕಡ್ಡಾಯವಾಯಿತು. ಈ ಗಾಡಿ ಅದಕ್ಕೂ ಎರಡು ವರ್ಷ ಹಿಂದಿನದು. ಆದ್ದರಿಂದ ಅಳೆದೇ ತಿಳಿಯಬೇಕು. ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿ ೧೨.೬ ವೋಲ್ಟ್ ತೋರಿಸಿತು. ಅಂದರೆ ಪೂರ್ಣ ಚಾರ್ಜು. ಎಂಜಿನು ಓಡುವಾಗ ೧೪.೨. ಹದಿಮೂರೂವರೆಯಿಂದ ಹದಿನಾಲ್ಕೂವರೆಯ ನಡುವೆ ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯೆಂದು ಅರ್ಥ. ಹೀಗೆ ಎರಡು ನಿಮಿಷದಲ್ಲಿ ಇಬ್ಬರು ಆರೋಪಿಗಳು ಬಿಡುಗಡೆ ಹೊಂದಿದರು.

ಮೂರನೆಯ ಅಳತೆಯೇ ಮುಖ್ಯವಾದದ್ದು. ಮನೆಯ ದೀಪಕ್ಕೆ ಎರಡು ತಂತಿಗಳಿರುತ್ತವೆ. ಮೋಟಾರಿನಲ್ಲಿ ಬಹುಮಟ್ಟಿಗೆ ಹೋಗುವ ತಂತಿ ಮಾತ್ರ; ವಿದ್ಯುತ್ತು ಹಿಂದಿರುಗುವುದು ಗಾಡಿಯ ಲೋಹದ ಮೈಯ ಮೂಲಕ, ಅಲ್ಲಿಂದ ಎಂಜಿನಿಗೆ ಜೋಡಿಸಿದ ಅರ್ತ್ ಪಟ್ಟಿಯ ಮೂಲಕ. ವೃದ್ಧರು ದೀಪ, ಫ್ಯಾನು ಎಲ್ಲವನ್ನೂ ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಗಾಡಿಯ ಮೈಗೂ ಮುಟ್ಟಿಸಿದರು. ಒಂದೆರಡು ಹತ್ತಾಂಶವನ್ನು ಮೀರಬಾರದ ಕಡೆ ೧.೨ ವೋಲ್ಟ್ ಇತ್ತು! ಓಮ್ ಎಂಬ ಜರ್ಮನ್ ವಿಜ್ಞಾನಿ ೧೮೨೭ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಲೆಕ್ಕ ಸರಳ: ೩೦ ಆಂಪಿಯರ್ ಹರಿಯುವ ದಾರಿಯಲ್ಲಿ ಓಮಿನ ನೂರರಲ್ಲಿ ನಾಲ್ಕು ಪಾಲಿನ ತಡೆಯಿದ್ದರೆ ಸಾಕು, ೧.೨ ವೋಲ್ಟ್ ಅಲ್ಲಿಯೇ ನಷ್ಟ.

ದೀಪ ಮಂಕಾದದ್ದು ಇದರಿಂದ. ಐಡಲಿಂಗ್ ಕೆಟ್ಟದ್ದೇಕೆ? ಎಂಜಿನಿಗೆ ಗಾಳಿ, ಪೆಟ್ರೋಲುಗಳ ಪ್ರಮಾಣವನ್ನು ಗೊತ್ತುಮಾಡುವ ಪುಟ್ಟ ಕಂಪ್ಯೂಟರಿನ ಅರ್ತ್ ಗಾಡಿಯ ಮೈಗೆ. ಕಾವನ್ನು ಅಳೆಯುವ ಸಾಧನದ ಅರ್ತ್ ಎಂಜಿನಿಗೆ. ಸೊನ್ನೆಯಿಂದ ಐದು ವೋಲ್ಟಿನೊಳಗೆ ಬರುವ ಸಂದೇಶದಲ್ಲಿ ಒಂದು ವೋಲ್ಟಿಗೂ ಮಿಗಿಲಾದ ಅಪಪಾಠ ಸೇರಿತು. ತಣ್ಣಗಿದ್ದ ಎಂಜಿನನ್ನು ಬಿಸಿಯಾಗಿದೆಯೆಂದು ಓದಿಕೊಂಡ ಕಂಪ್ಯೂಟರು ಅದಕ್ಕೆ ಸಲ್ಲಬೇಕಾದ ಪೆಟ್ರೋಲನ್ನೂ ಗಾಳಿಯನ್ನೂ ಕಡಿತಗೊಳಿಸಿತು. ಎಂಜಿನು ತಡವರಿಸಿ ನಿಂತಿತು.

ಅರ್ತ್ ಪಟ್ಟಿಯನ್ನು ಬಿಚ್ಚಿದಾಗ ಅರ್ಧಕ್ಕರ್ಧ ಹಸಿರುಪುಡಿಯಾಗಿತ್ತು. ಹಿಮ ಕರಗಲೆಂದು ಆ ರಾಜ್ಯದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅದರ ನೀರು ಹಾರಿ ಲೋಹವನ್ನು ತಿಂದಿತ್ತು. ಉಪ್ಪುಕಾಗದದಿಂದ ತುಕ್ಕನ್ನು ಉಜ್ಜಿ, ಹೊಸ ಪಟ್ಟಿ ಹಾಕಿ ಬೋಲ್ಟು ಬಿಗಿದ ಮೇಲೆ ಮೀಟರು ಹತ್ತಾಂಶಕ್ಕಿಂತ ಕೆಳಗಿಳಿಯಿತು. ಎಂಜಿನು ಹದವಾಗಿ ತಿರುಗಿತು.

ಎಲ್ಲ ಗಾಡಿಗೂ ಇದೇ ಕಾಯಿಲೆಯೆಂದಲ್ಲ. ಅರ್ತ್ ಸರಿಯಿದ್ದೂ ಐಡಲಿಂಗ್ ಕೆಟ್ಟಿದ್ದರೆ, ಬಿರುಕುಬಿಟ್ಟ ರಬ್ಬರು ಕೊಳವೆಯಿಂದ ಗಾಳಿ ನುಸುಳುವ ಸದ್ದಿಗೆ ಕಿವಿಗೊಡಬೇಕು. ಗಾಳಿದಾರಿಯಲ್ಲಿ ಕಟ್ಟಿದ ಮಸಿಯನ್ನು ತೆಗೆಯಬೇಕು. ಓಡುವಾಗಲೂ ಹದಿಮೂರು ವೋಲ್ಟ್ ದಾಟದಿದ್ದರೆ ಬೆಲ್ಟು ಸಡಿಲವಾಗಿದೆಯೇ ನೋಡಿ, ಬಳಿಕ ಆಲ್ಟರ್ನೇಟರನ್ನು ಶಂಕಿಸಬೇಕು. ಪರೀಕ್ಷೆಗೆಂದು, ಎಂಜಿನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚುವ ಹಳೆಯ ರೂಢಿ ಮಾತ್ರ ಬೇಡ. ವೋಲ್ಟೇಜು ಥಟ್ಟನೆ ಜಿಗಿದು ಕಂಪ್ಯೂಟರು ಸುಟ್ಟೀತು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ದುಡಿಯುವ ಹಳೆಯ ಗಾಡಿಗಳ ಯಜಮಾನರಿಗೂ ಈ ಮಾತು ಸಲ್ಲುತ್ತದೆ.

ಅಂದು ರಾತ್ರಿ ಮಗಳು ಕೆಲಸಕ್ಕೆ ಹೊರಟಾಗ ನಾನು ಕಿಟಕಿಯ ಬಳಿ ನಿಂತಿದ್ದೆ. ಬೀದಿಯ ಕೊನೆಯ ಸಿಗ್ನಲಿನಲ್ಲಿ ಕೆಂಪುದೀಪಕ್ಕೆ ಗಾಡಿ ನಿಂತಿತು. ಅದರ ದೀಪಗಳು ಮಂಕಾಗಲಿಲ್ಲ. ಹಸಿರು ಬಂದಾಗ ಅದು ಮುಂದೆ ಸಾಗಿತು. ಆಮೇಲೆ ನಾನು ಮಲಗಿದೆ.