ಉಗ್ರಾಣದ ಬೂಷ್ಟು: ಬಗೆಗಳೂ ಗುರುತುಗಳೂ

ಮಳೆಗಾಲದಲ್ಲಿ ದಾಸೋಹದ ಉಗ್ರಾಣದ ಚೀಲವೊಂದನ್ನು ಬಿಚ್ಚಿದಾಗ ಮೊದಲು ಮೂಗಿಗೆ ತಾಗುವುದು ಮುಗ್ಗಲು ವಾಸನೆ. ಕಾಳಿನ ಮೇಲೆ ಕಾಣುವ ಬಣ್ಣದ ಪುಡಿಯನ್ನು ಬೂಷ್ಟೆಂದು ಕೊಡವಿ, ಬಿಸಿಲಿಗೆ ಹರವಿ, ಮತ್ತೆ ಬಳಸುವುದು ರೂಢಿ. ಆದರೆ ಬೂಷ್ಟೆಲ್ಲವೂ ಒಂದೇ ಬಗೆಯದಲ್ಲ. ಅದರಲ್ಲಿ ಒಂದನ್ನಂತೂ ಕೊಡವಿ ನಿಶ್ಚಿಂತರಾಗುವಂತಿಲ್ಲ.

ಬೂಷ್ಟು ಶಿಲೀಂಧ್ರ ವರ್ಗಕ್ಕೆ ಸೇರಿದ ಜೀವಿ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಅಣಬೆಯೆಂಬ ಅರ್ಥವಿದೆ. ಕಾಳಿದಾಸನ ಮೇಘದೂತದಲ್ಲಿ ಮೇಘಗರ್ಜನೆಗೆ ನೆಲದಿಂದ ಏಳುವವು ಇವೇ. ವಿಜ್ಞಾನದ ಕನ್ನಡವು ಅರ್ಥವನ್ನು ಹಿಗ್ಗಿಸಿ ಬೂಷ್ಟನ್ನೂ ಅದರೊಳಗೆ ಸೇರಿಸಿಕೊಂಡದ್ದು ಉಚಿತವೇ ಆಗಿದೆ. ಪತ್ರಹರಿತ್ತು ಇಲ್ಲದ ಕಾರಣ ಇವು ಗಿಡಗಳಂತೆ ತಮ್ಮ ಆಹಾರವನ್ನು ತಾವೇ ಸಿದ್ಧಪಡಿಸಿಕೊಳ್ಳಲಾರವು. ನೂಲಿಗಿಂತ ಸೂಕ್ಷ್ಮವಾದ ಎಳೆಗಳನ್ನು ಕಾಳಿನೊಳಕ್ಕೆ ಚಾಚಿ, ಕಿಣ್ವಗಳನ್ನು ಸ್ರವಿಸಿ, ಹೊರಗೇ ಕರಗಿದ ರಸವನ್ನು ಹೀರಿಕೊಳ್ಳುತ್ತವೆ. ಉಣ್ಣುವ ಮೊದಲೇ ಅರಗಿಸುವ ವಿಚಿತ್ರ ಕ್ರಮವಿದು! ಕಣ್ಣಿಗೆ ಕಾಣುವ ಬಣ್ಣ ಬಹುಮಟ್ಟಿಗೆ ಬೀಜಾಣುಗಳದು. ಅದು ಮೂಡುವ ವೇಳೆಗೆ ಎಳೆಗಳು ಒಳಗೆ ಹರಡಿರುತ್ತವೆ.

ಹಳಸಿದ ಬ್ರೆಡ್ಡಿನ ಮೇಲೆ ಹಿಂಜಿದ ಅರಳೆಯಂತೆ ಹಬ್ಬಿ, ಬಳಿಕ ಗುಂಡುಸೂಜಿಯ ತಲೆಯಂತಹ ಕಪ್ಪು ಚುಕ್ಕೆಗಳನ್ನು ತಳೆಯುವುದು ರೈಜೋಪಸ್. ಕಿತ್ತಳೆ, ನಿಂಬೆಗಳ ಮೇಲೆ ಬಿಳಿಯ ಅಂಚಿನೊಡನೆ ನೀಲಿಯಾಗಿಯೋ ಹಸುರಾಗಿಯೋ ಕೂರುವುದು ಪೆನಿಸಿಲಿಯಂ. ಸೂಕ್ಷ್ಮದರ್ಶಕದಲ್ಲಿ ಪುಟ್ಟ ಕುಂಚದಂತೆ ತೋರುವುದರಿಂದ ಆ ಹೆಸರು. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು ಈ ಕುಲದಲ್ಲಿಯೇ.

ಮೂರನೆಯದಾದ ಆಸ್ಪರ್ಜಿಲಸ್ ಕುಲಕ್ಕೆ ೧೭೨೯ರಲ್ಲಿ ಹೆಸರಿಟ್ಟವನು ಇಟಲಿಯ ಮಿಕೇಲಿ. ಇದರ ದುಂಡುತಲೆ ಕ್ರೈಸ್ತರು ತೀರ್ಥ ಪ್ರೋಕ್ಷಿಸುವ ಸಾಧನದಂತೆ ಅವನಿಗೆ ಕಂಡಿತು. ಈರುಳ್ಳಿಯ ಸಿಪ್ಪೆಯಡಿಯ ಕಪ್ಪು ಪುಡಿ ಸಾಮಾನ್ಯವಾಗಿ ಈ ಕುಲದ್ದೇ. ಶೇಂಗಾ, ಗೋವಿನಜೋಳಗಳ ಮೇಲೆ ಹಳದಿಮಿಶ್ರಿತ ಹಸುರಾಗಿ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬುದೇ ಅಂಜಬೇಕಾದದ್ದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಸತ್ತಾಗ, ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿ ಇದರ ವಿಷ ಪತ್ತೆಯಾಯಿತು. ಫ್ಲೇವಸ್‌ನ ಹೆಸರಿನಿಂದಲೇ ಅದಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದಿತು. ಅದು ಯಕೃತ್ತನ್ನು ಕೆಡಿಸುತ್ತದೆ. ಬಹುಕಾಲ ಸೇವಿಸಿದರೆ ಅರ್ಬುದರೋಗಕ್ಕೂ ಕಾರಣವಾಗುತ್ತದೆ. ೧೯೭೪ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನುಂಡು ನೂರಕ್ಕೂ ಹೆಚ್ಚು ಜನ ಮಡಿದರು. ಅವರು ಬೇರೆ ಅನ್ನವಿಲ್ಲದ ಬಡವರು.

ಈ ವಿಷ ಸಾಮಾನ್ಯ ಅಡುಗೆಯ ಕಾವಿಗೆ ಪೂರ್ತಿ ನಾಶವಾಗುವುದಿಲ್ಲ. ಹುರಿದರೆ ಸ್ವಲ್ಪ ತಗ್ಗಬಹುದು, ಹೋಗದು. ಬಣ್ಣ ಕಾಣದ ಕಾಳಿನಲ್ಲಿಯೂ ಅದು ಇರಬಹುದು. ಬಣ್ಣವಿದ್ದಲ್ಲೆಲ್ಲ ಇರಲೇಬೇಕೆಂದೂ ಇಲ್ಲ. ಆದಕಾರಣ ಗುರುತಿಸುವುದಕ್ಕಿಂತ ಬೆಳೆಯಗೊಡದಿರುವುದೇ ಮೇಲು. ಶೇಂಗಾದ ತೇವ ಶೇಕಡಾ ಎಂಟರ ಆಸುಪಾಸಿಗೆ ಇಳಿಯಬೇಕು; ಕಾಯಿಯನ್ನು ಅಲುಗಿಸಿದರೆ ಬೀಜ ಒಳಗೆ ಗಲಗಲ ಎನ್ನಬೇಕು. ಚೀಲಗಳು ಹಲಗೆಯ ಮೇಲೆ, ಗೋಡೆಗೆ ತಾಗದಂತಿರಲಿ. ಭಕ್ತರು ಒಪ್ಪಿಸಿದ ಹೊಸ ಕಾಳನ್ನು ಹಳೆಯದರೊಡನೆ ಬೆರೆಸಬಾರದು. ಸುಕ್ಕಿದ, ಒಡೆದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ತೆಗೆಯಬೇಕು. ಅವುಗಳಿಂದ ಎಣ್ಣೆ ತೆಗೆಸುವುದೂ ತರವಲ್ಲ, ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿಯನ್ನು ಹಸುವಿಗೆ ಹಾಕಿದರೆ ವಿಷದ ಒಂದಂಶ ರೂಪ ಬದಲಿಸಿ, ಮಕ್ಕಳು ಕುಡಿಯುವ ಹಾಲಿನಲ್ಲಿ ಬರುತ್ತದೆ.