ಮಿತವ್ಯಯದ ಕ್ರಿಸ್ಮಸ್ ಹಬ್ಬ

ಉತ್ಸವವು ಗೃಹಸ್ಥನ ಆನಂದಕ್ಕಾಗಿಯೇ ಹೊರತು ಋಣಭಾರಕ್ಕಾಗಿ ಅಲ್ಲ. ಡಿಸೆಂಬರ್ 25ರಂದು ಔತಣವಿತ್ತು, ಮರುತಿಂಗಳ ಮನೆಬಾಡಿಗೆಗೆ ಪರರಲ್ಲಿ ಕೈಯೊಡ್ಡುವವನಿಗೆ ಆ ಹಬ್ಬದ ಸವಿಯು ಎಷ್ಟು ದಿನ ಉಳಿದೀತು?

ಮಂಗಳೂರಿನ ಕ್ರೈಸ್ತ ಕುಟುಂಬಗಳ ‘ಕುಸ್ವಾರ್’ ಪದ್ಧತಿಯು ಈ ವಿಷಯದಲ್ಲಿ ಅನುಕರಣೀಯವಾದುದು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಮೊದಲಾದ ಭಕ್ಷ್ಯಗಳನ್ನು ಮನೆಮಂದಿಯೆಲ್ಲರೂ ಕಲೆತು ಸಿದ್ಧಗೊಳಿಸುವರು. ಬಾಚಣಿಗೆಯ ಮೇಲೆ ಹಿಟ್ಟನ್ನೊತ್ತಿ ಕಿಡಿಯೊ ಸುರುಳಿಸುವುದು ಮಕ್ಕಳ ಪಾಲಿನ ಕೆಲಸ. ಅನಂತರ ತಟ್ಟೆಗಳಲ್ಲಿ ತುಂಬಿ, ಮತಭೇದವನ್ನೆಣಿಸದೆ ನೆರೆಹೊರೆಗೆ ಹಂಚುವರು. ಭಕ್ಷ್ಯವೇ ಇಲ್ಲಿ ಉಡುಗೊರೆಯಾದುದರಿಂದ ಎರಡು ವೆಚ್ಚಗಳು ಒಂದಾಗುವುವು.

ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಆಗಮನಕಾಲಕ್ಕೆ ಸೇರಿದವು. ವೆಚ್ಚವನ್ನೂ ನಾಲ್ಕು ಪಾಲು ಮಾಡಿರಿ: ಮೊದಲ ವಾರ ಹಿಟ್ಟು, ಎಳ್ಳು, ಸಕ್ಕರೆ; ಎರಡನೆಯ ವಾರ ಮಕ್ಕಳಿಗೆ ಅವಶ್ಯವಾದ ಒಂದೊಂದು ವಸ್ತ್ರ; ಮೂರನೆಯ ವಾರ ಎಣ್ಣೆ, ತೆಂಗಿನಕಾಯಿ; ಕಡೆಯ ಪಾಲು ಹಬ್ಬದೂಟದ ಸಣ್ಣ ಮತ್ತು ಮಾಂಸದ ಸಾರಿಗೆ. ಎರಡು ಮನೆಯವರು ಕೂಡಿ ಒಂದೇ ಬಾಣಲೆಯಲ್ಲಿ ಕರಿದರೆ ಎಣ್ಣೆಯೂ ಸೌದೆಯೂ ಉಳಿಯುವುವು. ಹತ್ತು ಬಗೆ ಮಾಡಲಾರದವರು ಮೂರೇ ಬಗೆ ಮಾಡಲಿ. ತಟ್ಟೆಯು ಕಿರಿದಾದರೂ ನೆರೆಮನೆಗೆ ತಪ್ಪದಿರಲಿ.

ಲೋಭವೂ ಸಲ್ಲದು, ದುಂದುಗಾರಿಕೆಯೂ ಸಲ್ಲದು. ಸಾಲವಿಲ್ಲದ ಮನೆಯಲ್ಲಿ ಬೆಳಗುವ ನಕ್ಷತ್ರದೀಪವೇ ಮಕ್ಕಳಿಗೆ ತಂದೆತಾಯಿಗಳೀಯುವ ಉತ್ತಮವಾದ ಉಡುಗೊರೆ.