ಸೋಲಿನಲ್ಲೇ ದಾಖಲೆ ಬರೆದವರು ಹದಿನಾರಕ್ಕೆ ಹದಿನಾರು ಗೆದ್ದ ಕಥೆ

ಅಮೆರಿಕದ ಕಾಲೇಜು ಫುಟ್‌ಬಾಲಿನ ಅಗ್ರ ದರ್ಜೆಯಲ್ಲಿ ಅತಿ ಹೆಚ್ಚು ಪಂದ್ಯ ಸೋತ ತಂಡ ಯಾವುದು? 2025ರ ಋತು ಶುರುವಾಗುವ ಹೊತ್ತಿಗೆ ಈ ಪ್ರಶ್ನೆಗೆ ಉತ್ತರ ಇಂಡಿಯಾನಾ ವಿಶ್ವವಿದ್ಯಾಲಯ. ಏಳುನೂರಕ್ಕೂ ಹೆಚ್ಚು ಸೋಲು! 1887ರಿಂದ ಆಡುತ್ತ ಬಂದು, ತಲೆಮಾರುಗಳಗಟ್ಟಲೆ ಸೋಲುತ್ತ ಬಂದ ತಂಡ ಅದು. ಆ ಋತು ಮುಗಿದದ್ದು 2026ರ ಜನವರಿ 19ರ ರಾತ್ರಿ. ಅಷ್ಟರಲ್ಲಿ ಅದೇ ಇಂಡಿಯಾನಾ ಹದಿನಾರು ಪಂದ್ಯ ಆಡಿತ್ತು, ಹದಿನಾರನ್ನೂ ಗೆದ್ದಿತ್ತು, ದೇಶದ ಚಾಂಪಿಯನ್ ಆಗಿತ್ತು. ಒಂದೇ ಒಂದು ಸೋಲಿಲ್ಲ. ಎರಡು ವರ್ಷ ಹಿಂದೆ, 2023ರಲ್ಲಿ, ಹನ್ನೆರಡರಲ್ಲಿ ಒಂಬತ್ತು ಸೋತಿದ್ದ ತಂಡ ಇದು ಎಂಬುದನ್ನು ನೆನೆದರೆ ಈಗಲೂ ನಂಬಿಕೆ ಬರುವುದಿಲ್ಲ.

ಈ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಬಡ್ಡಿಯ ಹಾಗೆ ಎದುರಾಳಿಯ ನೆಲಕ್ಕೆ ನುಗ್ಗುವುದೇ ಇದರ ಜೀವಾಳ. ನೂರು ಗಜದ ಮೈದಾನ, ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಕೈಯಲ್ಲಿದ್ದವರಿಗೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದು ಕಳಿಸಿದರೆ ಫೀಲ್ಡ್ ಗೋಲ್, ಮೂರು ಅಂಕ. ಮುಂದಿನ ಕಥೆಗೆ ಇಷ್ಟು ತಿಳಿದಿದ್ದರೆ ಸಾಕು. ಇನ್ನೊಂದು ಮಾತು: ಅಲ್ಲಿ ಕಾಲೇಜು ಪಂದ್ಯವೆಂದರೆ ನೂರಿನ್ನೂರು ಹುಡುಗರು ಚಪ್ಪಾಳೆ ತಟ್ಟುವ ಸಂಜೆಯಲ್ಲ. ಲಕ್ಷ ಜನ ಕೂರುವ ಕ್ರೀಡಾಂಗಣಗಳಿರುವ, ಕೋಚ್‌ಗೆ ಕೋಟಿಗಟ್ಟಲೆ ಸಂಬಳ ಕೊಡುವ ಲೋಕ.

ಇಂಡಿಯಾನಾ ವಿಶ್ವವಿದ್ಯಾಲಯವಿರುವುದು ಬ್ಲೂಮಿಂಗ್ಟನ್ನಿನಲ್ಲಿ. ಸುತ್ತೆಲ್ಲ ಸುಣ್ಣಕಲ್ಲಿನ ಗಣಿಗಳು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೊದಿಸಿದ ಕಲ್ಲು ಹೋದದ್ದು ಈ ಸೀಮೆಯಿಂದಲೇ. ಊರಿನ ಭಕ್ತಿಯೆಲ್ಲ ಬ್ಯಾಸ್ಕೆಟ್‌ಬಾಲ್ ಮೇಲೆ. ಆ ಆಟದಲ್ಲಿ ಐದು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕಾಲೇಜು ಅದು. 1976ರಲ್ಲಿ ಬಾಬ್ ನೈಟ್ ಅವರ ತಂಡ ಮೂವತ್ತೆರಡಕ್ಕೆ ಮೂವತ್ತೆರಡೂ ಗೆದ್ದಿತ್ತು. ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲಿನ ಅಗ್ರ ದರ್ಜೆಯಲ್ಲಿ ಅಂಥ ಸೋಲಿಲ್ಲದ ಋತುವನ್ನು ಆಮೇಲೆ ಯಾರೂ ಮುಗಿಸಿಲ್ಲ. ಹೀಗಾಗಿ ಫುಟ್‌ಬಾಲ್ ಎಂದರೆ ಅಲ್ಲಿ ಬ್ಯಾಸ್ಕೆಟ್‌ಬಾಲ್ ಶುರುವಾಗುವ ತನಕ ಕಾಲ ಕಳೆಯುವ ದಾರಿಯಾಗಿತ್ತು. ಕ್ರೀಡಾಂಗಣದ ಹೊರಗೆ ಊಟ, ಬಿಯರು, ಹರಟೆ; ಅರ್ಧ ಆಟಕ್ಕೆ ಎದ್ದು ಮನೆಗೆ. ಸೋಲು ಯಾರಿಗೂ ನೋವು ಕೊಡುತ್ತಿರಲಿಲ್ಲ. ನನ್ನ ಕಣ್ಣಿಗೆ ಸೋಲಿಗಿಂತ ಘೋರ ಅದೇ.

2023ರ ತನಕ ಗೆಲುವು ಅಲ್ಲಿ ಎಷ್ಟು ಅಪರೂಪವಾಗಿತ್ತು ನೋಡಿ. ತಮ್ಮ ‘ಬಿಗ್ ಟೆನ್’ ಕೂಟದ ಪ್ರಶಸ್ತಿಯನ್ನು ಯಾರೊಡನೆಯೂ ಹಂಚಿಕೊಳ್ಳದೆ ಗೆದ್ದದ್ದು 1945ರಲ್ಲಿ, ಒಂದೇ ಸಲ. ಆ ತಂಡದಲ್ಲಿ ಜಾರ್ಜ್ ಟಾಲಿಯಫೆರೊ ಎಂಬ ಕಪ್ಪು ಹುಡುಗನಿದ್ದ. ಮೊದಲ ವರ್ಷದಲ್ಲೇ ಮೈದಾನದಲ್ಲಿ ಎಲ್ಲರಿಗಿಂತ ಹೆಚ್ಚು ಗಜ ಓಡಿದ. ಆದರೆ ಕಾಲೇಜಿನ ಹಾಸ್ಟೆಲಿನಲ್ಲಿ ಅವನಿಗೆ ಜಾಗವಿರಲಿಲ್ಲ, ಊರಿನ ಹೋಟೆಲುಗಳಲ್ಲಿ ಊಟ ಹಾಕುತ್ತಿರಲಿಲ್ಲ. ಮುಂದೆ 1949ರಲ್ಲಿ ವೃತ್ತಿಪರ ಎನ್‌ಎಫ್‌ಎಲ್ ಆಯ್ಕೆ ಮಾಡಿದ ಮೊದಲ ಕಪ್ಪು ಆಟಗಾರ ಅವನೇ ಆದ. ಚಾಂಪಿಯನ್ ಹುಡುಗನಿಗೆ ಊಟ ಕೊಡದ ಊರಿನ ಈ ಕಥೆಯೂ ಗೆದ್ದ ಋತುವಿನ ಜೊತೆಗೆ ಹೇಳಲೇಬೇಕಾದದ್ದು. ಆಮೇಲೆ 1967ರಲ್ಲಿ ಇನ್ನಿಬ್ಬರ ಜೊತೆ ಹಂಚಿಕೊಂಡ ಪ್ರಶಸ್ತಿ, ಮರುವರ್ಷದ ಹೊಸ ವರ್ಷದ ದಿನ ರೋಸ್ ಬೌಲ್‌ನಲ್ಲಿ ಸೋಲು. ಋತುವಿನ ಕೊನೆಗೆ ನಡೆಯುವ ಬೌಲ್ ಪಂದ್ಯವೊಂದನ್ನು ಕೊನೆಯದಾಗಿ ಗೆದ್ದದ್ದು 1991ರಲ್ಲಿ. ಬಲಾಢ್ಯ ಓಹಾಯೊ ಸ್ಟೇಟನ್ನು ಕೊನೆಯದಾಗಿ ಸೋಲಿಸಿದ್ದು 1988ರಲ್ಲಿ.

ಇಂಥ ಜಾಗಕ್ಕೆ 2023ರ ನವೆಂಬರ್ ಕೊನೆಯ ದಿನ ಕೋಚ್ ಆಗಿ ಬಂದವರು ಕರ್ಟ್ ಸಿಗ್ನೆಟ್ಟಿ. ವಯಸ್ಸು ಅರವತ್ತೆರಡು. ಬೇರೆಯವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು! ಅವರ ದಾರಿಯೇ ಒಂದು ಬೆರಗು. ಅಲಬಾಮಾದಲ್ಲಿ ನಿಕ್ ಸೇಬನ್ ಅವರ ಕೈಕೆಳಗೆ ಸಹಾಯಕ ಕೋಚ್ ಆಗಿದ್ದರು. 2009ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್. ಅಲ್ಲೇ ಇದ್ದರೆ ಹಣ, ಹೆಸರು ಎರಡೂ ಇದ್ದವು. 2011ರಲ್ಲಿ ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ, ಎರಡನೇ ದರ್ಜೆಯ ಪುಟ್ಟ ಕಾಲೇಜೊಂದಕ್ಕೆ ಮುಖ್ಯ ಕೋಚ್ ಆಗಿ ಹೋದರು. ಅವರ ತಂದೆ ಫ್ರ್ಯಾಂಕ್ ಸಿಗ್ನೆಟ್ಟಿ ಹಿಂದೆ ಕೋಚ್ ಆಗಿದ್ದ ಕಾಲೇಜು ಅದು. ಅಲ್ಲಿನ ಮೈದಾನಕ್ಕೆ ತಂದೆಯದೇ ಹೆಸರು. ಪೆನ್ಸಿಲ್ವೇನಿಯಾ ರಾಜ್ಯದ ಆ ಊರಿನ ಹೆಸರು ಏನು ಗೊತ್ತೇ? ಇಂಡಿಯಾನಾ! ಒಂದು ಇಂಡಿಯಾನಾದಲ್ಲಿ ಮುಖ್ಯ ಕೋಚ್ ಆಗಲು ಕಲಿತವರು, ಹನ್ನೆರಡು ವರ್ಷದ ಮೇಲೆ ಇನ್ನೊಂದು ಇಂಡಿಯಾನಾಕ್ಕೆ ಬಂದರು. ನಡುವೆ ಈಲಾನ್, ಜೇಮ್ಸ್ ಮ್ಯಾಡಿಸನ್ ಎಂಬ ಎರಡು ಕಾಲೇಜು. ಮುಖ್ಯ ಕೋಚ್ ಆದಮೇಲೆ ಗೆಲುವಿಗಿಂತ ಸೋಲು ಹೆಚ್ಚಾದ ಒಂದು ವರ್ಷವೂ ಅವರ ಪಾಲಿಗೆ ಬರಲಿಲ್ಲ.

ಆಟಗಾರರನ್ನು ಈ ಕಾಲೇಜಿಗೆ ಬರಲು ಹೇಗೆ ಒಪ್ಪಿಸುತ್ತೀರಿ ಎಂದು ಪತ್ರಕರ್ತರು ಕೇಳಿದಾಗ ಅವರು ಕೊಟ್ಟ ಉತ್ತರ ಈಗ ಅಮೆರಿಕದಲ್ಲೆಲ್ಲ ಮನೆಮಾತು: ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ. ಅಹಂಕಾರ ಎಂದರು ಕೆಲವರು. ನನಗೆ ಹಾಗೆ ಕಾಣುವುದಿಲ್ಲ. ಸೋಲಿಗೆ ಒಗ್ಗಿ ಹೋದ ಊರಿಗೆ ಮೊದಲು ಬೇಕಿದ್ದದ್ದು ಅಂಥ ನೇರ ಮಾತೇ.

ಆಟಗಾರರನ್ನು ಆರಿಸುವುದರಲ್ಲಿತ್ತು ಅವರ ಜಾಣ್ಮೆ. ಹೈಸ್ಕೂಲಿನ ಹುಡುಗರಿಗೆ ಅಲ್ಲಿ ನಕ್ಷತ್ರಗಳ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಐದು ನಕ್ಷತ್ರದವರನ್ನು ಶ್ರೀಮಂತ ಕಾಲೇಜುಗಳು ಬಾಚಿಕೊಳ್ಳುತ್ತವೆ. ಸಿಗ್ನೆಟ್ಟಿ ಅತ್ತ ಹೆಚ್ಚು ತಲೆ ಹಾಕಲಿಲ್ಲ. ಈ ಹುಡುಗ ಮುಂದೆ ಏನಾಗಬಹುದು ಎನ್ನುವುದಕ್ಕಿಂತ ಈಗಾಗಲೇ ಮೈದಾನದಲ್ಲಿ ಏನು ಮಾಡಿದ್ದಾನೆ ಎಂಬುದನ್ನು ನೋಡಿದರು. ಕಾಲವೂ ಅವರಿಗೆ ಒದಗಿಬಂತು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದಾಯಿತು, ತಮ್ಮ ಹೆಸರಿನಿಂದ ಹಣ ಗಳಿಸಬಹುದಾಯಿತು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಯಿತು. ಈ ಬದಲಾವಣೆ ಇಲ್ಲದಿದ್ದರೆ ಇಷ್ಟು ಬೇಗ ಇದು ಆಗುತ್ತಿರಲಿಲ್ಲ, ನಿಜ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿತ್ತು. ಹಣವೂ ಇಂಡಿಯಾನಾಕ್ಕಿಂತ ಹೆಚ್ಚು ಇದ್ದವರು ಹಲವರು. ಯಾರನ್ನು ಒಳಗೆ ಕರೆಯಬೇಕು ಎಂಬ ಕಣ್ಣು ಇದ್ದದ್ದು ಇವರಿಗೆ. ಜೇಮ್ಸ್ ಮ್ಯಾಡಿಸನ್ನಿನಿಂದ ಹದಿಮೂರು ಆಟಗಾರರು ಕೋಚ್‌ನ ಬೆನ್ನಿಗೇ ಬಂದರು. ಮಿಕೇಲ್ ಕಮಾರಾ, ಏಡನ್ ಫಿಶರ್, ಎಲೈಜಾ ಸರಾಟ್, ಡಿಆಂಜೆಲೊ ಪಾಂಡ್ಸ್. ದೊಡ್ಡ ಕಾಲೇಜುಗಳು ತಿರುಗಿ ನೋಡದಿದ್ದ ಹುಡುಗರು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

2024ರಲ್ಲೇ ಪವಾಡ ಶುರು. ಸತತ ಹತ್ತು ಗೆಲುವು. ಕಾಲೇಜಿನ ಚರಿತ್ರೆಯಲ್ಲಿ ಒಂದೇ ಋತುವಿನಲ್ಲಿ ಹತ್ತು ಗೆದ್ದದ್ದು ಅದೇ ಮೊದಲು. ನೆರೆಯ ವೈರಿ ಪರ್ಡ್ಯೂ ಮೇಲೆ 66–0. ಓಹಾಯೊ ಸ್ಟೇಟ್ ಎದುರು ಸೋತು, ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫ್‌ನಲ್ಲಿ ನೋಟರ್ ಡೇಮ್‌ಗೆ ಮಣಿದಾಗ ಟೀಕಾಕಾರರು ಹೇಳಿದ್ದು ಒಂದೇ: ಸುಲಭದ ಎದುರಾಳಿಗಳು ಸಿಕ್ಕಿದ್ದರು, ಅದೃಷ್ಟ ಮುಗಿಯಿತು.

ಆಗ ಬಂದ, ಫರ್ನಾಂಡೊ ಮೆಂಡೋಝಾ.

ಕ್ಯೂಬಾದಿಂದ ಬಂದು ಮಿಯಾಮಿಯಲ್ಲಿ ನೆಲೆಸಿದ ಕುಟುಂಬದ ಹುಡುಗ. ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್. ತವರೂರಿನ ಮಿಯಾಮಿ ವಿಶ್ವವಿದ್ಯಾಲಯ ಅವನಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ಓದಿನಲ್ಲಿ ಚುರುಕು, ಹಾಗಾಗಿ ಯೇಲ್‌ಗೆ ಸೇರುತ್ತೇನೆಂದು ಮಾತು ಕೊಟ್ಟಿದ್ದ. ಕೊನೆಗಳಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಕರೆಯಿತು. ಅಲ್ಲಿ ಮೂರೇ ವರ್ಷದಲ್ಲಿ ಪದವಿ ಮುಗಿಸಿ ಇಂಡಿಯಾನಾಕ್ಕೆ ಬಂದ. ತಮ್ಮ ಆಲ್ಬರ್ಟೊ ಅದೇ ತಂಡದಲ್ಲಿದ್ದ. ತಾಯಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ಕಾಯಿಲೆ. ತನ್ನ ಬಲವೆಲ್ಲ ಅವಳದೇ ಎಂದು ಈ ಹುಡುಗ ಹೋದಲ್ಲೆಲ್ಲ ಹೇಳುತ್ತಾನೆ.

ಆಮೇಲಿನ ಋತುವನ್ನು ಉಸಿರು ಬಿಗಿಹಿಡಿಯದೆ ಹೇಳುವುದು ಕಷ್ಟ. ದೇಶದ ಒಂಬತ್ತನೇ ಸ್ಥಾನದ ಇಲಿನಾಯ್ ಮೇಲೆ 63–10! ಅಕ್ಟೋಬರಿನಲ್ಲಿ ಮೂರನೇ ಸ್ಥಾನದ ಆರಿಗನ್ ಎದುರು, ಅವರದೇ ನೆಲದಲ್ಲಿ. ಕೊನೆಯ ಕಾಲುಭಾಗದಲ್ಲಿ ಮೆಂಡೋಝಾ ಎಸೆದ ಚೆಂಡನ್ನು ಎದುರಾಳಿ ಕಸಿದು ಓಡಿ ಟಚ್‌ಡೌನ್ ಮಾಡಿದ, 20–20. ಹಳೆಯ ಇಂಡಿಯಾನಾ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಮೆಂಡೋಝಾ ಮರುಸರದಿಯಲ್ಲೇ ತಂಡವನ್ನು ಮೈದಾನದುದ್ದಕ್ಕೂ ನಡೆಸಿಕೊಂಡು ಹೋಗಿ ಸರಾಟ್‌ಗೆ ಟಚ್‌ಡೌನ್ ಎಸೆದ. ಗೆಲುವು 30–20.

ನವೆಂಬರ್ 8, ಪೆನ್ ಸ್ಟೇಟ್ ತಂಡದ ಮೈದಾನ. ಆ ಮೈದಾನದಲ್ಲಿ ಇಂಡಿಯಾನಾ ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಎರಡು ನಿಮಿಷಕ್ಕೂ ಕಡಿಮೆ ಉಳಿದಿದೆ, ಹಿಂದೆ ಬಿದ್ದಿದ್ದಾರೆ, ಆಟ ನಿಲ್ಲಿಸಿ ಉಸಿರು ಬಿಡಲು ಒಂದೂ ಟೈಮ್‌ಔಟ್ ಇಲ್ಲ, ಸಾಗಬೇಕಾದದ್ದು ಎಂಬತ್ತು ಗಜ. ಹೊಡೆತ ತಿಂದು ಬೀಳುತ್ತ ಏಳುತ್ತ ಮೆಂಡೋಝಾ ಸಾಗಿದ. ಮೂವತ್ತಾರು ಸೆಕೆಂಡ್ ಉಳಿದಾಗ ಅಂಕಣದ ಹಿಂಬದಿಯ ಗೆರೆಯತ್ತ ಎತ್ತರಕ್ಕೆ ಎಸೆದ. ಒಮರ್ ಕೂಪರ್ ಹಾರಿ ಹಿಡಿದ. ದೇಹವೆಲ್ಲ ಹೊರಗೆ ವಾಲಿದೆ, ಒಂದು ಕಾಲಿನ ತುದಿ ಮಾತ್ರ ಗೆರೆಯೊಳಗೆ ನೆಲಕ್ಕೆ ತಾಕಿದೆ. ಅಷ್ಟು ಸಾಕು ನಿಯಮಕ್ಕೆ. 27–24! ಆ ಹಿಡಿತವನ್ನು ನಿಧಾನಗತಿಯಲ್ಲಿ ಎಷ್ಟು ಸಲ ನೋಡಿದರೂ ಅದು ಮನುಷ್ಯನಿಂದ ಆಗುವ ಕೆಲಸ ಅನ್ನಿಸುವುದೇ ಇಲ್ಲ.

ಡಿಸೆಂಬರ್ 6ರಂದು ಬಿಗ್ ಟೆನ್ ಫೈನಲ್. ಎದುರಿಗೆ ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಓಹಾಯೊ ಸ್ಟೇಟ್. ಎರಡೂ ತಂಡ ಅದುವರೆಗೆ ಸೋತಿರಲಿಲ್ಲ. ಅಂಕಗಳ ಸುರಿಮಳೆಯಿಲ್ಲ, ಗಜಗಜಕ್ಕೂ ಕಾದಾಟ. ಸರಾಟ್ ಹಿಡಿದ ಟಚ್‌ಡೌನ್ ಇಂಡಿಯಾನಾವನ್ನು ಮುಂದೆ ತಂದಿತು. ಸಮ ಮಾಡಿಕೊಳ್ಳಲು ಓಹಾಯೊಗೆ ಸಿಕ್ಕ ಹತ್ತಿರದ ಫೀಲ್ಡ್ ಗೋಲ್ ಗುರಿ ತಪ್ಪಿತು. 13–10. ಯಾರೊಡನೆಯೂ ಹಂಚಿಕೊಳ್ಳದ ಪ್ರಶಸ್ತಿ, ಎಂಬತ್ತು ವರ್ಷಗಳ ಮೇಲೆ! ಒಂದು ವಾರದಲ್ಲಿ ಮೆಂಡೋಝಾಗೆ ಹೈಸ್‌ಮನ್ ಟ್ರೋಫಿ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ 1935ರಿಂದ ಕೊಡುತ್ತ ಬಂದಿರುವ ಆ ಗೌರವ ಇಂಡಿಯಾನಾದವನೊಬ್ಬನಿಗೆ ಸಿಕ್ಕಿದ್ದು ಇದೇ ಮೊದಲು.

ಆಮೇಲೆ ಪ್ಲೇಆಫ್. ಹೊಸ ವರ್ಷದ ದಿನ ರೋಸ್ ಬೌಲ್, 1968ರ ನಂತರ ಮೊದಲ ಸಲ. ಎದುರಾಳಿ ಸಿಗ್ನೆಟ್ಟಿಯ ಹಳೆಯ ಮನೆ ಅಲಬಾಮಾ. ಫಲಿತಾಂಶ 38–3. ವಾರ ಕಳೆದು ಅಟ್ಲಾಂಟಾದಲ್ಲಿ ಮತ್ತೆ ಆರಿಗನ್. ಅವರ ಮೊದಲ ಎಸೆತವನ್ನೇ ಕಸಿದು ಪಾಂಡ್ಸ್ ಓಡಿದ, ಟಚ್‌ಡೌನ್. ಎತ್ತರ ಸಾಲದು ಎಂದು ದೊಡ್ಡವರು ಬಿಟ್ಟ ಹುಡುಗ! 56–22.

ಕೊನೆಯ ಪಂದ್ಯ ನಡೆದದ್ದೆಲ್ಲಿ? ಮಿಯಾಮಿಯಲ್ಲಿ. ಎದುರಿಗೆ ಯಾರು? ಮಿಯಾಮಿ ವಿಶ್ವವಿದ್ಯಾಲಯ, ತವರಿನ ಹುಡುಗನನ್ನು ಬೇಡವೆಂದ ಅದೇ ಕಾಲೇಜು, ತನ್ನದೇ ಅಂಗಳದಲ್ಲಿ. ಕಾದಂಬರಿಯಲ್ಲಿ ಹೀಗೆ ಬರೆದರೆ ಅತಿಯಾಯಿತು ಎನ್ನುತ್ತೇವೆ. ಮೂರನೇ ಕಾಲುಭಾಗದಲ್ಲಿ ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡುವ ಎದುರಾಳಿಯ ‘ಪಂಟ್’ ಒದೆತಕ್ಕೆ ಕಮಾರಾ ಅಡ್ಡಬಿದ್ದು ತಡೆದ. ಉರುಳಿದ ಚೆಂಡು ಟಚ್‌ಡೌನ್ ಆಯಿತು. ಆದರೂ ಮಿಯಾಮಿ ಬೆನ್ನು ಬಿಡಲಿಲ್ಲ. ಕೊನೆಯ ಕಾಲುಭಾಗದಲ್ಲಿ 17–14. ಗೆರೆ ಹನ್ನೆರಡು ಗಜ ದೂರ, ಉಳಿದದ್ದು ನಾಲ್ಕನೇ ಅವಕಾಶ. ಫೀಲ್ಡ್ ಗೋಲ್ ಒದ್ದು ಮೂರು ಅಂಕ ಪಡೆಯುವುದು ಬುದ್ಧಿವಂತರ ದಾರಿ. ಒದೆಯುವವರು ಮೈದಾನಕ್ಕೆ ಇಳಿದೂ ಆಗಿತ್ತು. ಸಿಗ್ನೆಟ್ಟಿ ಆಟ ನಿಲ್ಲಿಸಿದರು, ಅವರನ್ನು ವಾಪಸ್ ಕರೆಸಿದರು, ಮೆಂಡೋಝಾನನ್ನು ಕಳಿಸಿದರು. ಓಟಕ್ಕೆ ಹೆಸರಾದವನಲ್ಲ ಅವನು. ಚೆಂಡು ಹಿಡಿದು ನೇರ ನುಗ್ಗಿದ. ಒಬ್ಬ ಡಿಕ್ಕಿ ಹೊಡೆದ, ಇನ್ನೊಬ್ಬ ಡಿಕ್ಕಿ ಹೊಡೆದ, ತಿರುಗಿದ, ತಡವರಿಸಿದ, ಚೆಂಡು ಹಿಡಿದ ಕೈ ಚಾಚಿ ಗೆರೆಯ ಮೇಲೆ ಹಾರಿಬಿದ್ದ. ಟಚ್‌ಡೌನ್!

ಮಿಯಾಮಿ ಮತ್ತೆ ಮೂರು ಅಂಕದಷ್ಟು ಹತ್ತಿರ ಬಂತು. ಇಂಡಿಯಾನಾ ಒಂದು ಫೀಲ್ಡ್ ಗೋಲ್ ಸೇರಿಸಿತು. ಒಂದು ನಿಮಿಷಕ್ಕೂ ಕಡಿಮೆ ಉಳಿದಾಗ ಮಿಯಾಮಿಯ ಆಸೆಯ ಕೊನೆಯ ಎಸೆತವನ್ನು ಜಮಾರಿ ಶಾರ್ಪ್ ಕಸಿದುಕೊಂಡ. ಅವನೂ ಮಿಯಾಮಿಯವನೇ. 27–21.

ಈ ಹಂತದ ಕಾಲೇಜು ಫುಟ್‌ಬಾಲಿನಲ್ಲಿ ಹದಿನಾರಕ್ಕೆ ಹದಿನಾರು ಗೆದ್ದ ತಂಡ ಇದಕ್ಕೆ ಮೊದಲು ಒಂದೇ: 1894ರ ಯೇಲ್. ಅದೇ ಯೇಲ್, ಮೆಂಡೋಝಾ ಒಮ್ಮೆ ಸೇರಲು ಹೊರಟಿದ್ದ ಕಾಲೇಜು! 131 ವರ್ಷ ಯಾರೂ ಮುಟ್ಟದ ಗುರುತನ್ನು ಮುಟ್ಟಿದವರು, ಸೋಲಿನಲ್ಲಿ ಎಲ್ಲರಿಗಿಂತ ಮುಂದಿದ್ದವರು. ಅದೂ 1976ರ ಬ್ಯಾಸ್ಕೆಟ್‌ಬಾಲ್ ತಂಡದ ಐವತ್ತನೇ ವರ್ಷದಲ್ಲಿ.

ಕ್ರೀಡೆಯಲ್ಲಿ ಅನಿರೀಕ್ಷಿತ ಗೆಲುವುಗಳು ಆಗುತ್ತಲೇ ಇರುತ್ತವೆ. ದುರ್ಬಲ ತಂಡ ಒಂದು ದಿನ ದೈತ್ಯನನ್ನು ಬೀಳಿಸುತ್ತದೆ, ಮರುದಿನ ತಾನೇ ಬೀಳುತ್ತದೆ. ಇದು ಆ ಜಾತಿಯದಲ್ಲ. ಆರಿಗನ್ ಎರಡು ಸಲ, ಓಹಾಯೊ ಸ್ಟೇಟ್, ಅಲಬಾಮಾ, ಮಿಯಾಮಿ: ದೈತ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಗೆದ್ದದ್ದು. ಅಮೆರಿಕದ ಕಾಲೇಜು ಆಟಗಳಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಈ ಆಟವನ್ನು ಎಂದೂ ನೋಡದವರು ಆ ಫೈನಲಿನ ಕೊನೆಯ ಕಾಲುಭಾಗವನ್ನು ಒಮ್ಮೆ ಹುಡುಕಿ ನೋಡಿ. ಸಿಗ್ನೆಟ್ಟಿ ಬಂದಮೇಲೆ ಇಂಡಿಯಾನಾ ಮೊದಲ ಎರಡು ಋತುವಿನಲ್ಲಿ ಆಡಿದ್ದು 29 ಪಂದ್ಯ, ಗೆದ್ದದ್ದು 27.